ಒಂದು ಬಿರುಕು ಉಳಿದಿರಲಿ

ಅವನು ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದ, ಕಿತ್ತ, ಕೀಲಿಮಣೆಯ ಗುಂಡಿಗಳನ್ನೆಲ್ಲ ಒಟ್ಟಿಗೆ ಅದುಮಿದ. ಪರದೆ ಮಿನುಗಿತು. ಮತ್ತೆ ಪಾಸ್‌ವರ್ಡ್ ಕೇಳುವ ಅದೇ ಚೌಕ.

"ಅಂಕಲ್, ಅದು ಅವಳದ್ದು. ಹೀಗೆ ಕದ್ದು ನೋಡೋದು ಸರಿಯಲ್ಲ," ಎಂದಳು ಮಂಚದಂಚಿನಲ್ಲಿ ಕುಳಿತಿದ್ದ ಮಗಳ ರೂಮ್‌ಮೇಟ್.

"ಮೊದಲು ಅವಳು ಸಿಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ಬೈಸ್ಕೋತೀನಿ."

ಮಗಳು ನಿನ್ನೆ ಈ ಹಾಸ್ಟೆಲ್ ಬಿಟ್ಟು ಹೋಗಿದ್ದಳು. "ನನ್ನನ್ನು ಹುಡುಕಬೇಡಿ" ಎಂಬ ಸಂದೇಶ. ಆಮೇಲೆ ಫೋನ್ ಸ್ವಿಚ್ ಆಫ್. ಪೊಲೀಸರು ದೂರು ಬರೆದುಕೊಂಡು, ಕಾಯಿರಿ ಎಂದಿದ್ದರು. ಎಲ್ಲಿಗೆ ಹೋದಳೆಂಬ ಸುಳಿವು ಇದ್ದರೆ ಈ ಲ್ಯಾಪ್‌ಟಾಪಿನೊಳಗೇ.

"ಏನಾದ್ರೂ ಕಾಣ್ತಾ ರೀ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು.

"ಲಿನಕ್ಸಿನ ಈ ಪಾಸ್‌ವರ್ಡ್ ಬೀಗದಲ್ಲಿ ಒಂದು ಬಿರುಕಿತ್ತು ಕಣೆ. ಹೀಗೆ ಗಲಿಬಿಲಿ ಮಾಡಿದ್ರೆ ತಾನೇ ಕುಸಿದು ತೆರ್ಕೊಳ್ಳತ್ತೆ. ಹೋದ ವಾರ ಅದನ್ನ ಮುಚ್ಚೋ ಪ್ಯಾಚ್ ಬಂತು. ಅವಳು ಅದನ್ನ ಹಾಕ್ಕೊಂಡಿದ್ರೆ ಮುಗೀತು."

"ಅವಳಾ? ಹಾಸಿಗೆ ಮಡಚೋಕೂ ಸೋಮಾರಿ. ಹಾಕಿರಲ್ಲ ಬಿಡಿ."

ಅವನೂ ಅದನ್ನೇ ನಂಬಿಕೊಂಡಿದ್ದ. ಅಪ್ಪನ ಕಂಪ್ಯೂಟರ್ ಮಾತು ಬಂದರೆ ಮುಖ ತಿರುಗಿಸುವ ಹುಡುಗಿ. ಅವಳ ನಾಟಕದ ಸಂಜೆ ಅವನು ಮನೆಯಲ್ಲಿ ಕೀಲಿಮಣೆ ಕುಟ್ಟುತ್ತ ಕುಳಿತಿದ್ದ. ಮೊದಲ ಸಾಲಿನಲ್ಲಿ ಅವನ ಕುರ್ಚಿ ಖಾಲಿ. "ನಿಮಗೆ ಆ ಡಬ್ಬಾನೇ ಮಗಳು!" ಎಂದು ಫೋನಿನಲ್ಲಿ ಕೂಗಿದವಳು ಅಂದಿನಿಂದ ಅವನ ಜೊತೆ ಮಾತು ಬಿಟ್ಟಿದ್ದಳು.

ಈಗ ಆ ತಿರಸ್ಕಾರದ ಮೇಲೆಯೇ ಅವನ ಜೀವ ನಿಂತಿತ್ತು. ನನ್ನ ಕೆಲಸ ಕಂಡರೆ ನಿನಗೆ ಆಗದಿರಲಿ ಮಗಳೇ, ಏನನ್ನೂ ಹಾಕಿಕೊಂಡಿರಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಮತ್ತೆ ಚುಚ್ಚಿದ, ಕಿತ್ತ, ಅದುಮಿದ. ಬೆವರಿಗೆ ಬೆರಳು ಜಾರಿದವು. ಆ ಬಿರುಕನ್ನು ಅವನಷ್ಟು ಬಲ್ಲವರಿರಲಿಲ್ಲ. ಎಷ್ಟು ಒತ್ತಿದರೆ ಬಾಯಿಬಿಡುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲ.

ಬೀಗ ಅಲುಗಲಿಲ್ಲ.

ಅವನ ಹಣೆ ಮೇಜಿಗೆ ಒರಗಿತು. ರೂಮ್‌ಮೇಟ್ ಎದ್ದು ಬಂದು ಮೆಲ್ಲಗೆ ಲ್ಯಾಪ್‌ಟಾಪನ್ನು ಅವನ ಕೈಯಿಂದ ಬಿಡಿಸಿದಳು.

"ಆ ಪ್ಯಾಚ್ ಬಂದ ದಿನಾನೇ ಹಾಕ್ಕೊಂಡ್ಳು ಅಂಕಲ್. ನನ್ನ ಲ್ಯಾಪ್‌ಟಾಪಿಗೂ ತಾನೇ ಕೂತು ಹಾಕಿಕೊಟ್ಳು, 'ನಮ್ಮಪ್ಪ ಬರೆದಿದ್ದು ಕಣೇ' ಅಂತ."