ಕಾಗೆ ಕೇಳಿದ ಮಾತು

ಹೆಂಡತಿಯ ಕೊನೆಯಾಸೆಯಂತೆ ನಂಜೇಗೌಡರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಮೂರು ವಾರವಾಗಿತ್ತು. ಆದರೆ ಡಾಕ್ಟರು ಹೇಳಿದ ಬೇಳೆಕಟ್ಟು, ಮಜ್ಜಿಗೆ ಯಾವುದನ್ನೂ ಅವರು ಮುಟ್ಟುತ್ತಿರಲಿಲ್ಲ. ಹೀಗೇ ಆದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಗದರಿದ್ದರು.

"ಕೊಡೋಳೇ ಇಲ್ಲ, ಯಾರಿಗೆ ಬೇಕು?" ಎನ್ನುತ್ತಿದ್ದರು ಗೌಡರು.

ಅಂದು ಹೆಂಡತಿಯ ಮೊದಲ ವರ್ಷದ ತಿಥಿ. ತಾರಸಿಯ ಮೇಲೆ ಎಡೆ ಇಟ್ಟು ಕಾದರು. ಕಾಗೆ ಹತ್ತಿರ ಬರುವುದು, ಬೆದರಿ ಹಾರುವುದು.

"ಅತ್ತಿಗೆಗೆ ಏನೋ ಕೊರಗೈತೆ ಕಣಣ್ಣ. ಮಾತು ಕೊಡು," ಎಂದಳು ತಂಗಿ.

ಗೌಡರು ಕಣ್ಮುಚ್ಚಿ ಕೈಮುಗಿದರು. "ಮಗಳನ್ನ ಚೆನ್ನಾಗಿ ನೋಡ್ಕತೀನಿ."

ಕಾಗೆ ಬರಲಿಲ್ಲ.

"ನಿನ್ನ ಹೆಸರಲ್ಲಿ ದೇವರ ದೀಪಕ್ಕೆ ಎಣ್ಣೆ ಕೊಡ್ತೀನಿ."

ಆಗಲೂ ಇಲ್ಲ.

"ಅದಲ್ಲ ಕಣಣ್ಣ. ಅತ್ತಿಗೆಗೆ ಯಾವಾಗ್ಲೂ ನಿನ್ನ ಹೊಟ್ಟೇದೇ ಚಿಂತೆ!"

ಗೌಡರು ಎಡೆಯತ್ತ ಬಾಗಿ ಹೆಂಡತಿಗೇ ಹೇಳಿದರು. "ಆಯ್ತು ಕಣಮ್ಮಿ, ಹೊತ್ತುಹೊತ್ತಿಗೆ ಬೇಳೆಕಟ್ಟು, ಮಜ್ಜಿಗೆ ಕುಡೀತೀನಿ. ನಿನ್ನಾಣೆ!"

ಕಾಗೆ ಹಾರಿ ಬಂದು ವಡೆ ಕಚ್ಚಿಕೊಂಡಿತು.

ನೀರಿನ ಟ್ಯಾಂಕಿನ ಮರೆಯಲ್ಲಿ ಮಗಳು, ಕಾಗೆ ಓಡಿಸಲು ಇಷ್ಟು ಹೊತ್ತೂ ಬೀಸುತ್ತಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡಳು.