ಹಿತ್ತಲ ನಲ್ಲಿ

"ನಮ್ಮಣ್ಣನ ಮಗಳು ಗಾರ್ಗಿ ಮೂವತ್ತು ವರ್ಷ ಕಡಲಿನ ಅಲೆಗಳನ್ನ ಅಧ್ಯಯನ ಮಾಡಿದವಳು" ಎಂದು ಪವಮಾನರಾಯರು ಮೈಕಿನಲ್ಲಿ ಹೇಳಿದ್ದೇ ತಡ, ಸನ್ಮಾನದ ಶಾಲು ಹೊದ್ದು ನಿಂತಿದ್ದ ಗಾರ್ಗಿಗೆ ರೇಗಿಹೋಯಿತು. ಅಲೆಯಂತೆ ಅಲೆ! ಒಂಟಿಕೊಪ್ಪಲಿನ ನೆಂಟರಿಷ್ಟರ ಮುಂದೆ ಮನೆಯವರು ಮಾನ ಉಳಿಸಿಕೊಳ್ಳಲು ಹೇಳಿಕೊಂಡು ಬಂದ ಸುಳ್ಳು ಅದು.

"ಅಲೆ ಅಲ್ಲ ಚಿಕ್ಕಪ್ಪ." ಅವಳು ಮೈಕು ಕಿತ್ತುಕೊಂಡಳು. "ಮೀನು, ಸಿಗಡಿ, ಕಪ್ಪೆಚಿಪ್ಪು! ಕಡಲು ಬಿಸಿಯಾದ ಹಾಗೆಲ್ಲ ಅವಕ್ಕೆ ಯಾವ ರೋಗ ಬರುತ್ತೆ, ಒಂದರಿಂದ ಒಂದಕ್ಕೆ ಹೇಗೆ ಅಂಟುತ್ತೆ, ಅದು ನನ್ನ ಕೆಲಸ. ಸತ್ತದ್ದನ್ನ ಈ ಕೈಯಲ್ಲೇ ಕುಯ್ದು ನೋಡ್ತೀನಿ." ಚೀಲದಿಂದ ಒಂದು ಕಪ್ಪೆಚಿಪ್ಪು ತೆಗೆದು, ಫಲತಾಂಬೂಲದ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆಯೇ ಇಟ್ಟಳು. ಮುಂದಿನ ಸಾಲಿನಲ್ಲಿ ಯಾರೋ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಗಾರ್ಗಿ ನೋಡಿದ್ದು ಅಮ್ಮನನ್ನು ಮಾತ್ರ. ಮಗಳು ಕಡಲಿನಿಂದ ಮನೆಗೆ ಬಂದಾಗಲೆಲ್ಲ ಹಿತ್ತಲ ನಲ್ಲಿಯ ಕೆಳಗೆ ಕೂರಿಸಿ, ಸೀಗೆಪುಡಿ ಹಾಕಿ ತಿಕ್ಕಿಸಿ, ಆಮೇಲಷ್ಟೇ ಒಳಗೆ ಬಿಟ್ಟುಕೊಂಡವರು ಚೂಡಾಮಣಿ. ಆಕೆ ಎದ್ದು ನಿಧಾನವಾಗಿ ವೇದಿಕೆ ಹತ್ತಿದರು. ಚಿಪ್ಪನ್ನೆತ್ತಿ ಕನ್ನಡಕದ ಹತ್ತಿರ ಹಿಡಿದು, ಒಳಮೈಯ ಕಂದು ಕಲೆಯನ್ನು ಬೆರಳಿನಿಂದ ಸವರಿದರು.

"ಇದೇ ಏನೇ ಕಾಯಿಲೆ?"

"ಹೂಂ ಕಣಮ್ಮ."

"ಅತ್ತಿಗೆ, ಮೊದಲು ಹೋಗಿ ಕೈ ತೊಳ್ಕೊಂಡ್ಬನ್ನಿ" ಎಂದು ಪವಮಾನರಾಯರು ಪಿಸುಗುಟ್ಟಿದರು.

ಚೂಡಾಮಣಿ ಮಗಳ ಕೈಯಲ್ಲಿದ್ದ ಮೈಕನ್ನು ತಮ್ಮ ಬಾಯಿಯ ಹತ್ತಿರಕ್ಕೆ ಎಳೆದುಕೊಂಡರು.

"ತೊಳೆಸಿದ್ದು ಸಾಕು, ಪವಮಾನ."