ಮರಿಗೊಂದು ಕುಂಡ

ಭಾನುವಾರ ಅಜ್ಜಿಯ ಮಗಳ ಎರಡನೆಯ ಮದುವೆ. ಮೊದಲ ಮದುವೆಯ ಮಗು ತಮ್ಮ ಮನೆಗೆ ಬರುವುದು ಬೇಡ ಎಂದು ವರ ಮೊದಲೇ ಹೇಳಿಬಿಟ್ಟಿದ್ದ. ಮೊಮ್ಮಗಳಿಗೆ ಇದನ್ನು ತಾನೇ ತಿಳಿಸುತ್ತೇನೆಂದು ಅಜ್ಜಿ ಹಟ ಹಿಡಿದಿದ್ದಳು. ಆದರೆ ಯಾವುದನ್ನೂ ನೇರವಾಗಿ ಹೇಳಿ ಅವಳಿಗೆ ಅಭ್ಯಾಸವಿಲ್ಲ. ಕಿಟಕಿಯಲ್ಲಿದ್ದ ಆಫ್ರಿಕನ್ ವಯಲೆಟ್ ಹೂಗಿಡದ ಕುಂಡವನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ನೋಡು ಪುಟ್ಟಿ, ಬುಡದಲ್ಲಿ ಮರಿ ಎದ್ದಿದೆ. ಅದಕ್ಕೇ ಈ ಸಲ ತಾಯಿ ಹೂವೇ ಬಿಟ್ಟಿಲ್ಲ.”

“ಮರಿ ಏನ್ ಮಾಡ್ತು ಪಾಪ?”

“ಏನೂ ಮಾಡಿಲ್ಲ ಕಣೇ. ಒಂದೇ ಕುಂಡದಲ್ಲಿ ಇಬ್ಬರಿಗೂ ಜಾಗ ಸಾಲಲ್ಲ. ಬಿಡಿಸಿ ಬೇರೆ ನೆಟ್ರೆ ತಾಯೀನೂ ಅರಳುತ್ತೆ, ಮರೀನೂ ಬೆಳೆಯುತ್ತೆ.”

ಅಜ್ಜಿ ಚಾಕುವಿನ ತುದಿಯಿಂದ ಮೆಲ್ಲಗೆ ಬೇರು ಬಿಡಿಸಿದಳು. ಮರಿಯನ್ನು ಮೊಮ್ಮಗಳೇ ಪುಟ್ಟ ಕುಂಡಕ್ಕೆ ಇಳಿಸಿ, ಎಲೆಗೆ ನೀರು ತಾಗದಂತೆ ಬುಡಕ್ಕಷ್ಟೇ ಹನಿಸಿದಳು.

“ಜಾಣೆ! ಇದನ್ನ ನನ್ನ ಮಂಚದ ಪಕ್ಕಾನೇ ಇಟ್ಕೋತೀನಿ. ದಿನಾ ಕಥೆ ಹೇಳ್ತೀನಿ, ತಲೆ ಬಾಚ್ತೀನಿ...”

“ಗಿಡಕ್ಕೆ ಯಾರಾದ್ರೂ ತಲೆ ಬಾಚ್ತಾರಾ ಅಜ್ಜಿ?”

ಅಜ್ಜಿ ಚಾಕು ಕೆಳಗಿಟ್ಟಳು. “ನಿನಗೆ ಕಣೇ. ಅಮ್ಮ ಹೋದ್ಮೇಲೆ ನೀನು ಇಲ್ಲೇ, ನನ್ನ ಹತ್ರ ಇರ್ತೀಯ.”

ಹುಡುಗಿ ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು. ಒಳಗೆ ಹೊಸ ಸೀರೆ ಉಟ್ಟು ನೋಡುತ್ತಿದ್ದ ಅಮ್ಮನಿಗೆ ಕೇಳಿಸದಂತೆ ಪಿಸುಗುಟ್ಟಿದಳು:

“ಅಮ್ಮ ನನ್ನ ಹಾಸ್ಟೆಲ್ಲಿಗೆ ಸೇರಿಸಿ ಆಯ್ತು ಅಜ್ಜಿ. ನೀನು ಅಳ್ತೀಯ ಅಂತ, ನಿನಗೆ ಹೇಳ್ಬೇಡ ಅಂದಿದ್ಲು.”